ಸಿಹಿನೀರು ಇಳಿಯುವ ದಾರಿ: ಕಾಳಿ, ಗಂಗಾವಳಿ ಅಳಿವೆಗಳ ಮೀನುಗಾರಿಕೆ

1873ರಲ್ಲಿ ಮಂಗಳೂರಿನಲ್ಲಿ ‘ದಿ ರಾಡ್ ಇನ್ ಇಂಡಿಯಾ’ ಎಂಬ ಪುಸ್ತಕ ಅಚ್ಚಾಯಿತು. ಬರೆದವರು ಮದ್ರಾಸ್ ಸಿವಿಲ್ ಸರ್ವಿಸಿನ ಅಧಿಕಾರಿ ಹೆನ್ರಿ ಸಲಿವನ್ ಥಾಮಸ್. ದಕ್ಷಿಣ ಕನ್ನಡದ ಆಡಳಿತದಲ್ಲಿದ್ದ ಅವರಿಗೆ ಕಚೇರಿಯ ಕಾಗದಪತ್ರಗಳ ಮೇಲೆ ಇದ್ದಷ್ಟೇ ಶ್ರದ್ಧೆ ಗಾಳದ ಮೇಲೂ ಇತ್ತು. ಘಟ್ಟದಿಂದ ಇಳಿಯುವ ಹೊಳೆಗಳಲ್ಲಿ ಮಹಶೀರ್ ಮೀನು ಎಲ್ಲಿ ನಿಲ್ಲುತ್ತದೆ, ಏನನ್ನು ಕಂಡು ಬಾಯಿ ಹಾಕುತ್ತದೆ, ಎಂಥ ದಾರಕ್ಕೆ ಎಂಥ ಕೊಕ್ಕೆ ಕಟ್ಟಬೇಕು ಎಂಬುದನ್ನೆಲ್ಲ ಅವರು ಬಲು ಅಕ್ಕರೆಯಿಂದ ಬರೆದರು. ಅದಕ್ಕೆ ಮೂರು ವರ್ಷ ಮೊದಲೇ, 1870ರಲ್ಲಿ, ದಕ್ಷಿಣ ಕನ್ನಡದ ಮೀನು ಸಾಕಣೆಯ ಬಗ್ಗೆ ಸರ್ಕಾರಕ್ಕೆ ವರದಿಯನ್ನೂ ಒಪ್ಪಿಸಿದ್ದರು. ಸಣ್ಣ ಕಣ್ಣಿನ ಬಲೆ ಹಾಕಿ ಮರಿಗಳನ್ನು ಬಾಚುವುದು, ಮಡುವಿಗೆ ವಿಷಕಾಯಿ ಅರೆದು ಹಾಕುವುದು ನಿಲ್ಲಬೇಕು ಎಂಬುದು ಅವರ ಹಟ. ನೀರಿಗೆ ವಿಷ ಹಾಕುವುದನ್ನೂ ಸಿಡಿಮದ್ದು ಎಸೆಯುವುದನ್ನೂ ಅಪರಾಧವೆಂದು ಸಾರಿದ ಭಾರತೀಯ ಮೀನುಗಾರಿಕೆ ಕಾಯ್ದೆ ಬಂದದ್ದು 1897ರಲ್ಲಿ.

ಥಾಮಸ್‌ರಂಥ ಆಂಗ್ಲರ ಮನಸ್ಸಿನಲ್ಲಿ ಒಂದು ಆದರ್ಶ ಹೊಳೆಯ ಚಿತ್ರ ಇರುತ್ತಿತ್ತು. ದಕ್ಷಿಣ ಇಂಗ್ಲೆಂಡಿನಲ್ಲಿ ಸೀಮೆಸುಣ್ಣದ ಗುಡ್ಡಗಳ ಒಡಲಿನಿಂದ ಹುಟ್ಟುವ ಟೆಸ್ಟ್, ಇಚೆನ್‌ನಂಥ ಹೊಳೆಗಳು ಅವು. ಬಿದ್ದ ಮಳೆಯನ್ನು ಗುಡ್ಡ ಕುಡಿದು, ಸೋಸಿ, ಮೆಲ್ಲಮೆಲ್ಲನೆ ಹೊರಗೆ ಬಿಡುತ್ತದೆ. ಹಾಗಾಗಿ ಆ ಹೊಳೆಗಳು ಬೇಸಿಗೆಯಲ್ಲಿ ಬತ್ತುವುದಿಲ್ಲ, ಮಳೆಗಾಲದಲ್ಲಿ ಕದಡುವುದಿಲ್ಲ. ಬುಗ್ಗೆಯ ಬಾಯಲ್ಲಿ ನೀರಿನ ತಾಪ ವರ್ಷವಿಡೀ ಹತ್ತು ಹನ್ನೊಂದು ಡಿಗ್ರಿ. ಅಲ್ಲಿ ಟ್ರೌಟ್ ಮೀನಿಗೆ ರಾಜಮರ್ಯಾದೆ. ಉಳಿದವೆಲ್ಲ ಸಾಮಾನ್ಯ ಮೀನುಗಳು. ಐಸಾಕ್ ವಾಲ್ಟನ್ 1653ರಲ್ಲೇ ಆ ದೇಶದ ಗಾಳಗಾರಿಕೆಗೆ ಒಂದು ಗ್ರಂಥವನ್ನು ಕೊಟ್ಟಿದ್ದ. ಇಂಥ ನೆನಪು ಹೊತ್ತು ಬಂದವರು ನೀಲಗಿರಿಯ ತಣ್ಣೀರಿಗೆ ಟ್ರೌಟ್ ತಂದು ಬಿಡಲು ದಶಕಗಟ್ಟಲೆ ಹೆಣಗಿದರು. 1860ರ ದಶಕದಲ್ಲಿ ಫ್ರಾನ್ಸಿಸ್ ಡೇ ಮಾಡಿದ ಪ್ರಯತ್ನ ಕೈಗೂಡಲಿಲ್ಲ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಎಚ್.ಸಿ. ವಿಲ್ಸನ್ ಕೈಯಲ್ಲಿ ಆ ಕೆಲಸ ನೆಲೆ ಕಂಡಿತು.

ಥಾಮಸ್ ಬರೆಯುವ ಹೊತ್ತಿಗೆ ಉತ್ತರ ಕನ್ನಡ ಅವರ ಪ್ರಾಂತ್ಯದಲ್ಲಿರಲಿಲ್ಲ. 1862ರಲ್ಲಿ ಅದು ಮುಂಬೈ ಆಧಿಪತ್ಯಕ್ಕೆ ಸೇರಿತ್ತು. ಕಾರವಾರ ಜಿಲ್ಲಾ ಕೇಂದ್ರವಾಗಿತ್ತು. 1883ರಲ್ಲಿ ಹೊರಬಂದ ಮುಂಬೈ ಗೆಜೆಟಿಯರಿನ ಕೆನರಾ ಸಂಪುಟದಲ್ಲಿ ಹರಿಕಂತ್ರರು, ಖಾರ್ವಿಗಳು, ಗಾಬಿತರು, ಅಂಬಿಗರು, ಭೋಯಿಗಳು ಎಂಬ ಮೀನುಗಾರ ಸಮುದಾಯಗಳ ವಿವರ ಸಿಗುತ್ತದೆ. ಆದರೆ ಕಾಳಿಯ ಅಳಿವೆಯಲ್ಲಿ, ಗಂಗಾವಳಿಯ ಅಳಿವೆಯಲ್ಲಿ ಈ ಜನ ಮೀನನ್ನು ಹೇಗೆ ಓದುತ್ತಿದ್ದರು ಎಂಬುದರ ಮೇಲೆ ಥಾಮಸ್‌ರದರಂಥ ಅಕ್ಕರೆಯ ಪುಸ್ತಕವನ್ನು ಅಂದು ಯಾರೂ ಬರೆಯಲಿಲ್ಲ. ಇದು ಸಣ್ಣ ನಷ್ಟವಲ್ಲ. ಒಂದೇ ಮಟ್ಟದಲ್ಲಿ ಹರಿಯುವ ತಿಳಿನೀರಿನಲ್ಲಿ ಮೀನು ಹಿಡಿಯುವುದಕ್ಕಿಂತ, ದಿನಕ್ಕೆ ನಾಲ್ಕು ಬಾರಿ ದಿಕ್ಕು ಬದಲಿಸುವ, ಆರು ತಿಂಗಳು ಸಿಹಿಯಾಗಿ ಆರು ತಿಂಗಳು ಉಪ್ಪಾಗುವ ನೀರಿನಲ್ಲಿ ಮೀನು ಹಿಡಿಯಲು ಬೇಕಾದ ವಿದ್ಯೆ ಹೆಚ್ಚು ತೊಡಕಿನದು.

ಕಾರವಾರಕ್ಕೂ ಅಂಕೋಲೆಗೂ ನಡುವೆ ಮೂವತ್ತು ಚಿಲ್ಲರೆ ಕಿಲೋಮೀಟರು. ಕಾಳಿ ಜೋಯಿಡಾ ತಾಲೂಕಿನ ದಿಗ್ಗಿಯ ಬಳಿ ಹುಟ್ಟಿ, 184 ಕಿ.ಮೀ. ಹರಿದು, ಕೋಡಿಬಾಗ ಮತ್ತು ಸದಾಶಿವಗಡಗಳ ನಡುವೆ ಕಡಲು ಸೇರುತ್ತದೆ. ಗಂಗಾವಳಿ ಬಯಲುಸೀಮೆಯ ಮಗಳು. ಧಾರವಾಡ, ಹುಬ್ಬಳ್ಳಿಯ ಕಡೆಯಿಂದ ಬರುವ ಶಾಲ್ಮಲಾ ಮತ್ತು ಬೇಡ್ತಿ ಕಲಘಟಗಿಯ ಸೀಮೆಯಲ್ಲಿ ಕೂಡಿಕೊಂಡು, ಮಾಗೋಡಿನಲ್ಲಿ ಜಲಪಾತವಾಗಿ ಧುಮುಕಿ, ಅಂಕೋಲಾ ತಾಲೂಕಿನ ಮಂಜಗುಣಿಯ ಪಕ್ಕದಲ್ಲಿ ಸಮುದ್ರ ಕಾಣುತ್ತದೆ. ಕಾರವಾರದ ವಾರ್ಷಿಕ ಮಳೆ 3000 ಮಿ.ಮೀ. ಆಸುಪಾಸು. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಬೀಳುತ್ತದೆ. ಆಗ ಎರಡೂ ನದಿಗಳು ಕೆಂಪಗೆ ಉಕ್ಕಿ, ಅಳಿವೆಯ ಉಪ್ಪನ್ನೆಲ್ಲ ತೊಳೆದು ಕಡಲಿಗೆ ದಬ್ಬುತ್ತವೆ. ಮಳೆ ನಿಂತ ಮೇಲೆ ಕಡಲಿನ ಸರದಿ. ಹೊಳೆ ಸೊರಗಿದಷ್ಟೂ ಭರತದ ನೀರು ಒಳನಾಡಿಗೆ ತೆವಳುತ್ತದೆ. ಉಪ್ಪುನೀರು ಭಾರ, ಸಿಹಿನೀರು ಹಗುರ. ಎರಡೂ ಬೆರೆಯದೆ ಒಂದರ ಕೆಳಗೊಂದು ಪದರವಾಗಿ ಹರಿಯುವುದೂ ಉಂಟು. ಮೇಲಿನ ನೀರು ಕಡಲಿನತ್ತ ಹೊರಟಿದ್ದರೆ ತಳದ ನೀರು ಊರಿನತ್ತ ಬರುತ್ತಿರುತ್ತದೆ. ಗಾಳದ ಗುಂಡು ಎಷ್ಟು ಆಳಕ್ಕೆ ಇಳಿಯಬೇಕು ಎಂಬುದು ಈ ಪದರಗಳ ಮೇಲೆ ನಿಂತಿದೆ.

ರವೀಂದ್ರನಾಥ ಠಾಕೂರರು 1880ರ ದಶಕದ ಆರಂಭದಲ್ಲಿ ಕಾರವಾರಕ್ಕೆ ಬಂದಿದ್ದರು. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರು. ಒಂದು ಬೆಳದಿಂಗಳ ರಾತ್ರಿ ಅವರೆಲ್ಲ ದೋಣಿಯಲ್ಲಿ ಕಾಳಿಯ ಮೇಲ್ಗಡೆಗೆ ಹೋಗಿ, ಇಳಿತದ ಜೊತೆ ತೇಲುತ್ತ ವಾಪಸಾದರು; ಅಳಿವೆಗೆ ತಲುಪುವಾಗ ಬಹಳ ಹೊತ್ತಾಗಿ, ಅಲ್ಲೇ ಇಳಿದು ಉಸುಕಿನ ಮೇಲೆ ನಡೆದು ಮನೆ ಸೇರಿದರು. ಅವರ ಆತ್ಮಕಥನದಲ್ಲಿ ಈ ಪ್ರಸಂಗ ಬರುತ್ತದೆ. ಕವಿಗೆ ಆ ರಾತ್ರಿ ಕೊಟ್ಟದ್ದು ಬೇರೆ. ಮೀನುಗಾರ ಅದನ್ನು ಓದಿದರೆ ಹೊಳೆ ಯಾರನ್ನು ಎಷ್ಟು ಹೊತ್ತಿಗೆ ಎಲ್ಲಿಗೆ ಮುಟ್ಟಿಸುತ್ತದೆ ಎಂಬ ಭರತ, ಇಳಿತದ ಲೆಕ್ಕವೇ ಮೊದಲು ಕಣ್ಣಿಗೆ ಬೀಳುತ್ತದೆ.

ಆ ಲೆಕ್ಕವೇ ಈ ಕಸುಬಿನ ಬುನಾದಿ. ಅಮಾಸೆ, ಹುಣ್ಣಿಮೆಯ ಆಸುಪಾಸಿನಲ್ಲಿ ಭರತ ದೊಡ್ಡದು, ಇಳಿತವೂ ದೊಡ್ಡದು. ಕಾರವಾರದಲ್ಲಿ ಆಗ ನೀರಿನ ಏರಿಳಿತ ಸುಮಾರು ಎರಡು ಮೀಟರ್. ಅಷ್ಟಮಿಯ ಹೊತ್ತಿಗೆ ನೀರು ಸೋಮಾರಿ. ನೀರು ತುಂಬಿ ನಿಂತು, ಇನ್ನು ತಿರುಗಬೇಕು ಎನ್ನುವ ಗಳಿಗೆಯಲ್ಲಿ ದೊಡ್ಡ ಮೀನು ಬೇಟೆಗೆ ಹೊರಡುತ್ತದೆ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರಿನ ಸಂದಿಯಿಂದ, ಕೊರಕಲುಗಳಿಂದ ಇಳಿಯುವ ನೀರಿನೊಂದಿಗೆ ಶೆಟ್ಲಿ (ಸಿಗಡಿ), ಸಣ್ಣ ಮೀನು ಹೊರಬೀಳುತ್ತವೆ ಎಂದು ಅದಕ್ಕೆ ಗೊತ್ತು. ಪಾತಿ ದೋಣಿಯಲ್ಲಿ ಕುಳಿತವನಿಗೂ ಗೊತ್ತು.

ಹಾಗೆ ಕಾಯಿಸುವ ಮೀನುಗಳಲ್ಲಿ ಕುರುಡೆ ಮೊದಲನೆಯದು. ಕೊಂಕಣಿ ಮಾತಾಡುವವರು ಇದನ್ನು ಚೊಣಕ ಎನ್ನುತ್ತಾರೆ; ಪೇಟೆಯ ಹೋಟೆಲುಗಳಲ್ಲಿ ಸೀಬಾಸ್. ಉತ್ತರ ದೇಶಗಳ ಸಾಲ್ಮನ್ ಮೊಟ್ಟೆಯಿಡಲು ಕಡಲಿನಿಂದ ಹೊಳೆಗೆ ಏರುತ್ತದೆ. ಕುರುಡೆಯದು ತದ್ವಿರುದ್ಧ. ಹೊಳೆ, ಹಿನ್ನೀರುಗಳಲ್ಲಿ ಬೆಳೆದು, ಮೊಟ್ಟೆಯಿಡಲು ಅಳಿವೆಗೆ, ಕಡಲಿಗೆ ಇಳಿಯುತ್ತದೆ. ಅದು ಮೊದಲು ಗಂಡಾಗಿ ಬೆಳೆದು, ಕೆಲವು ವರ್ಷಗಳ ನಂತರ ಹೆಣ್ಣಾಗುತ್ತದೆ. ಅಂದರೆ ಅಳಿವೆಯ ಅತಿ ದೊಡ್ಡ ಕುರುಡೆಗಳೆಲ್ಲ ತಾಯಂದಿರು. ಜೀವಂತ ಶೆಟ್ಲಿಯನ್ನೋ ಸಣ್ಣ ಶೆವಟೆಯನ್ನೋ ಕೊಕ್ಕೆಗೆ ಸಿಕ್ಕಿಸಿ ಸೇತುವೆಯ ಕಂಬದ ನೆರಳಿನಲ್ಲಿ ಬಿಟ್ಟು ಕಾಯುವುದು ಇದರ ಬೇಟೆಯ ಕ್ರಮ. ಕೊಕ್ಕೆ ಬಿದ್ದ ಮೇಲೆ ನೀರಿನಿಂದ ಮೇಲಕ್ಕೆ ಹಾರಿ ತಲೆ ಕೊಡವುತ್ತದೆ. ಥಾಮಸ್ ಮಹಶೀರಿಗೆ ಮನಸೋತ ಹಾಗೆ ಈ ಮೀನಿಗೂ ಮನಸೋಲಲು ಕಾರಣಗಳು ಸಾಕಷ್ಟಿವೆ.

ಆದರೆ ಅಳಿವೆಯ ಮನೆಗಳ ಒಲೆ ಉರಿದದ್ದು ಕುರುಡೆಯಿಂದಲ್ಲ. ಅದು ಮಾರಾಟಕ್ಕೆ ಹೋಗುವ ಮೀನು. ಮನೆಯ ಸಾರಿಗೆ ಬೀಸುಬಲೆಯಲ್ಲಿ ಬಿದ್ದ ಶೆವಟೆ, ಉಸುಕಿನಲ್ಲಿ ಮೂಗು ಹುದುಗಿಸುವ ನೊಗಲಿ, ಮೈಮೇಲೆ ಮುತ್ತಿನ ಚುಕ್ಕಿ ಹೊತ್ತ ಕರಿಮೀನು, ಏಡಿ, ಎಲ್ಲಕ್ಕಿಂತ ಹೆಚ್ಚಾಗಿ ಚಿಪ್ಪಿ. ದಕ್ಷಿಣ ಕನ್ನಡದವರು ಕಾಣೆ ಎನ್ನುವ ನೊಗಲಿ ಇವತ್ತು ದುಬಾರಿ ಮೀನು. ಗೇಣುದ್ದದ ಆ ಬೆಳ್ಳಿ ಮೀನಿನ ರುಚಿಯ ಮುಂದೆ ಯಾವ ಟ್ರೌಟೂ ನಿಲ್ಲಲಾರದು ಎಂದು ಕರಾವಳಿಯವರು ವಾದಿಸಿದರೆ ಒಪ್ಪುವುದೇ ಸರಿ.

ಚಿಪ್ಪಿಯ ಮಾತು ಇನ್ನೂ ಹೇಳಬೇಕು, ಏಕೆಂದರೆ ಇದು ಹೆಂಗಸರ ಕಸುಬು, ದಾಖಲೆಗಳಲ್ಲಿ ಎಲ್ಲಕ್ಕಿಂತ ಕಡಿಮೆ ಜಾಗ ಪಡೆದ ಕಸುಬು. ಕಾಳಿಯ ನಡುಗಡ್ಡೆ, ದಂಡೆಗಳ ಊರುಗಳಲ್ಲಿ, ಸುಂಕೇರಿ, ಕಡವಾಡ, ಕಿನ್ನರ, ಹಳಗಾ, ಉಳಗಾಗಳ ಆಸುಪಾಸಿನಲ್ಲಿ, ಇಳಿತದ ಹೊತ್ತಿಗೆ ಸೊಂಟಮಟ್ಟದ ನೀರಿಗಿಳಿದು, ಅಂಗಾಲಿನಿಂದಲೇ ಕೆಸರು ತಡವಿ ಬಳಚು ಹುಡುಕುತ್ತಾರೆ. ಕೊಂಕಣಿಯಲ್ಲಿ ಇದೇ ತಿಸ್ರೆ. ಬಂಡೆಗೆ ಅಂಟಿದ ಕಲ್ಗವನ್ನು ಸಣ್ಣ ಕತ್ತಿಯಿಂದ ಎಬ್ಬಿಸುವುದು ಬೇರೆ ಕೆಲಸ. ಕೈ ಕುಯ್ಯದೆ ಎಬ್ಬಿಸುವುದಕ್ಕೆ ಅಭ್ಯಾಸ ಬೇಕು. ದೋಣಿ ಬೇಡ, ಬಲೆ ಬೇಡ, ಸಾಲ ಬೇಡ. ಒಂದು ಬುಟ್ಟಿ ಮತ್ತು ಚಂದ್ರನ ಲೆಕ್ಕ ಗೊತ್ತಿದ್ದರೆ ಸಾಕು. ತಿಂದು ಉಳಿದ ಚಿಪ್ಪನ್ನು ಸುಟ್ಟರೆ ಸುಣ್ಣ. ಗೋಡೆಗೂ ಅದೇ, ವೀಳ್ಯಕ್ಕೂ ಅದೇ. ಟೆಸ್ಟ್ ನದಿಯ ಕೆಳಗಿನ ಸೀಮೆಸುಣ್ಣವೂ ಕೋಟ್ಯಂತರ ವರ್ಷಗಳ ಹಿಂದೆ ಕಡಲಿನ ಸೂಕ್ಷ್ಮಜೀವಿಗಳ ಕವಚಗಳು ತಳಕ್ಕೆ ಬಿದ್ದು ಗಟ್ಟಿಯಾದದ್ದು. ಅಲ್ಲಿ ಸುಣ್ಣದಿಂದ ಹೊಳೆ ಹುಟ್ಟಿತು, ಇಲ್ಲಿ ಹೊಳೆಯಿಂದ ಸುಣ್ಣ ಹುಟ್ಟಿತು.

ಗಂಗಾವಳಿಯ ಕಡೆ, ಅಂಕೋಲಾ ತಾಲೂಕಿನ ತಗ್ಗು ದಂಡೆಗಳಲ್ಲಿ, ಮೀನು ಮತ್ತು ಭತ್ತ ಒಂದೇ ನೆಲದ ಎರಡು ಬೆಳೆಗಳಾಗಿದ್ದವು. ಗಜನಿ ಎಂದರೆ ಅಳಿವೆಯ ಉಪ್ಪುನೀರು ಹತ್ತುವ ಗದ್ದೆ. ಸುತ್ತ ಮಣ್ಣಿನ ಕಟ್ಟೆ, ನೀರು ಹೋಗಿಬರಲು ಹಲಗೆಯ ಬಾಗಿಲು. ಮೊದಲ ಮಳೆ ನೆಲದ ಉಪ್ಪನ್ನು ತೊಳೆದ ಮೇಲೆ ಕಗ್ಗ ಭತ್ತ ಬಿತ್ತುತ್ತಾರೆ. ಕಗ್ಗ ಉಪ್ಪನ್ನೂ ನೆರೆಯನ್ನೂ ತಡೆದುಕೊಳ್ಳುವ ತಳಿ. ಗೊಬ್ಬರ ಕೇಳದು, ಔಷಧ ಕೇಳದು. ಕೊಯ್ಲಿನಲ್ಲಿ ತೆನೆ ಮಾತ್ರ ತೆಗೆದುಕೊಂಡು ಹುಲ್ಲನ್ನು ನಿಂತಲ್ಲೇ ಬಿಡುತ್ತಾರೆ. ಆಮೇಲೆ ಬಾಗಿಲು ತೆರೆದು ಭರತವನ್ನು ಒಳಗೆ ಕರೆಯುವುದು. ನೀರಿನ ಜೊತೆ ಶೆಟ್ಲಿಯ ಮರಿ, ಕುರುಡೆಯ ಮರಿ, ಶೆವಟೆ, ಏಡಿ ಎಲ್ಲವೂ ತಾವಾಗಿ ಬರುತ್ತವೆ. ಹುಲ್ಲು ಕೊಳೆತು ಪಾಚಿ, ಹುಳಗಳಾಗಿ, ಅವೇ ಮರಿಗಳ ಮೇವು. ಅಮಾಸೆ, ಹುಣ್ಣಿಮೆಯ ದೊಡ್ಡ ಇಳಿತಕ್ಕೆ, ರಾತ್ರಿ, ಬಾಗಿಲ ಬಾಯಿಗೆ ಚೀಲಬಲೆ ಕಟ್ಟಿದರೆ ನೀರಿನೊಂದಿಗೆ ಹೊರಡುವ ಶೆಟ್ಲಿ ಅದರಲ್ಲಿ ತುಂಬುತ್ತದೆ. ಬೇಸಿಗೆ ಮುಗಿಯುವವರೆಗೂ ಈ ಹಿಡಿತ ನಡೆದು, ಮುಂಗಾರಿಗೆ ಮತ್ತೆ ಬಾಗಿಲು ಮುಚ್ಚುತ್ತದೆ.

ಇಷ್ಟು ಜಾಣತನದ ವ್ಯವಸ್ಥೆ ಹಣದ ಆಸೆಗೆ ಸಿಕ್ಕಿದ್ದು 1980, 90ರ ದಶಕಗಳಲ್ಲಿ. ಹೊರದೇಶದಲ್ಲಿ ಸಿಗಡಿಗೆ ಚಿನ್ನದ ಬೆಲೆ ಬಂತು. ಭತ್ತ ಬಿಟ್ಟು ವರ್ಷವಿಡೀ ಸಿಗಡಿ ಸಾಕುವ ಕೆರೆಗಳು ಎದ್ದವು. ಗಜನಿಯ ಮೀನಿನ ಹಕ್ಕು ಹರಾಜಿಗೆ ಬಿದ್ದು, ಬೀಸುಬಲೆಯವರು ಹೊರಗೆ ನಿಲ್ಲಬೇಕಾಯಿತು. 1994ರಲ್ಲಿ ದೇಶದ ಸಿಗಡಿ ಕೆರೆಗಳಿಗೆ ಬಿಳಿಚುಕ್ಕೆ ರೋಗ ಹೊಕ್ಕಿತು. 1996ರ ಡಿಸೆಂಬರ್ 11ರಂದು ಸರ್ವೋಚ್ಚ ನ್ಯಾಯಾಲಯ ಕರಾವಳಿ ನಿಯಂತ್ರಣ ವಲಯದಲ್ಲಿ ಕೈಗಾರಿಕಾ ಮಾದರಿಯ ಸಿಗಡಿ ಸಾಕಣೆಯನ್ನು ತಡೆಯಿತು. ಸಾಂಪ್ರದಾಯಿಕ ಪದ್ಧತಿಗೆ ಅವಕಾಶ ಉಳಿಸಿತು. ಅಷ್ಟರಲ್ಲಿ ಎಷ್ಟೋ ಕಡೆ ಕಟ್ಟೆ ಒಡೆದು, ಕಗ್ಗದ ಬೀಜವೇ ಮನೆಯಲ್ಲಿ ಇಲ್ಲದ ಸ್ಥಿತಿ ಬಂದಿತ್ತು. ಭತ್ತ ಹೋದ ಗಜನಿಯಲ್ಲಿ ಹುಲ್ಲಿಲ್ಲ, ಹುಲ್ಲಿಲ್ಲದಲ್ಲಿ ಮರಿಗೆ ಮೇವಿಲ್ಲ.

ಹೊಳೆಯವರಿಗೂ ಕಡಲಿನವರಿಗೂ ನಡುವೆ ಗೋಡೆ ಇರಲಿಲ್ಲ. ಮಳೆಗಾಲದಲ್ಲಿ ಅಳಿವೆಯೊಳಗೆ ಬಲೆ ಬೀಸಿದವರೇ ಸೆಪ್ಟೆಂಬರು ದಾಟಿದ ಮೇಲೆ ರಂಪಣಿ ಎಳೆಯಲು ದಂಡೆಗೆ ಬರುತ್ತಿದ್ದರು. ಕಿಲೋಮೀಟರು ಮೀರುವ ಉದ್ದದ ಆ ಬಲೆಯನ್ನು ದೋಣಿಯಿಂದ ಅರ್ಧಚಂದ್ರವಾಗಿ ಬಿಟ್ಟು, ಎರಡೂ ತುದಿಗಳನ್ನು ದಂಡೆಯಿಂದ ಎಳೆಯಲು ಎಪ್ಪತ್ತು ಎಂಬತ್ತು ಜನ ಬೇಕು. ಬಲೆಯ ತುಂಡುಗಳು ಬೇರೆ ಬೇರೆ ಮನೆಗಳವು, ಹಿಡಿದ ಮೀನಿನಲ್ಲಿ ಪಾಲೂ ಅದಕ್ಕೆ ತಕ್ಕಂತೆ. ಬಂಗುಡೆಯ ದೊಡ್ಡ ಹಿಂಡು ಸಿಕ್ಕಿದರೆ ಒಮ್ಮೆಗೇ ಎಳೆಯದೆ ಬಲೆಯೊಳಗೇ ಜೀವಂತ ಇಟ್ಟುಕೊಂಡು, ಬೆಲೆ ನೋಡಿ ದಿನಗಟ್ಟಲೆ ತೆಗೆಯುತ್ತಿದ್ದರು. ಸಣ್ಣ ಹಿಂಡಿಗೆ ಸಣ್ಣ ಬಲೆ, ಎಂಡಿ. ಕಾರವಾರದ ಬಂಗುಡೆ ಎಷ್ಟು ಹೆಸರಾಗಿತ್ತೆಂದರೆ, 1947ರಲ್ಲಿ ಹುಟ್ಟಿದ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಆರಂಭದ ವರ್ಷಗಳಲ್ಲೇ ಇಲ್ಲಿ ಅಧ್ಯಯನಕ್ಕೆ ಕೂತರು, ಎಲ್.ಬಿ. ಪ್ರಧಾನ್ 1956ರಲ್ಲಿ ಪ್ರಕಟಿಸಿದ ಕಾರವಾರದ ಬಂಗುಡೆ ಮೀನುಗಾರಿಕೆಯ ಪ್ರಬಂಧ ಇಂದಿಗೂ ಆಕರ.

ಹಿಡಿದ ಮೀನಿಗೆ ಉಪ್ಪು ಬೇಕು. ಮಳೆಗಾಲಕ್ಕೆ ಒಣಮೀನು ಕೂಡಿಡುವ ಮನೆಗಳಿಗೂ, ಘಟ್ಟದ ಮೇಲಿನ ಯಲ್ಲಾಪುರ, ಹಳಿಯಾಳದ ಸಂತೆಗಳಿಗೆ ಬುಟ್ಟಿ ಸಾಗಿಸುವವರಿಗೂ ಉಪ್ಪಿನ ಬೆಲೆ ಬದುಕಿನ ಪ್ರಶ್ನೆ. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದು ‘ಕರ್ನಾಟಕದ ಬಾರ್ಡೋಲಿ’ ಎಂಬ ಹೆಸರು ಊರಿಗೆ ಅಂಟಿತು. ಆ ಚಳವಳಿಯ ಕಥೆ ಹೇಳುವಾಗ ರೈತರ ತ್ಯಾಗ ನೆನೆಯುವುದು ಸಹಜ. ಮೀನಿಗೆ ಉಪ್ಪು ಹಾಕುವ ಕೇರಿಗಳಿಗೆ ಉಪ್ಪಿನ ಕರ ಎಷ್ಟು ಹತ್ತಿರದ ಸಂಗತಿಯಾಗಿತ್ತು ಎಂಬುದನ್ನೂ ಜೊತೆಗೆ ನೆನೆಯಬೇಕು.

ರಂಪಣಿಯ ಅಂತ್ಯ ಬೇಗ ಬಂತು. ಕೇರಳದಲ್ಲಿ 1953ರಲ್ಲಿ ಶುರುವಾದ ಇಂಡೋ–ನಾರ್ವೇಜಿಯನ್ ಯೋಜನೆ 1960ರ ದಶಕದಲ್ಲಿ ಕಾರವಾರಕ್ಕೂ ಕಾಲಿಟ್ಟು ಯಂತ್ರದೋಣಿಗಳ ಕಾಲ ತೆರೆಯಿತು. 1975–76ರ ಹೊತ್ತಿಗೆ ಕರ್ನಾಟಕದ ಕಡಲಿಗೆ ಪರ್ಸೀನ್ ಬಲೆ ಇಳಿಯಿತು. ದಂಡೆಗೆ ಬರುವ ಹಿಂಡನ್ನು ದಂಡೆಯಲ್ಲಿ ಕಾಯುವುದು ರಂಪಣಿ. ಬರುವ ಮೊದಲೇ ಹೋಗಿ ಸುತ್ತುವರಿಯುವುದು ಪರ್ಸೀನ್. ನೂರು ಮನೆಗಳ ಪಾಲು ಇಪ್ಪತ್ತೈದು ಜನರ ದೋಣಿಗೆ ಹೋಯಿತು. ಪಕ್ಕದ ಗೋವೆಯಲ್ಲಿ ರಾಂಪೊಣಕಾರರು ಬೀದಿಗಿಳಿದರು. ಕರ್ನಾಟಕದಲ್ಲಿ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಬಂದದ್ದು 1986ರಲ್ಲಿ. ಅಷ್ಟು ಹೊತ್ತಿಗೆ ರಂಪಣಿಯ ದೊಡ್ಡ ಬಲೆಗಳು ಮಡಚಿ ಮೂಲೆ ಸೇರಿದ್ದವು. ಅದೇ ವರ್ಷದ ಅಕ್ಟೋಬರಿನಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಬಿದ್ದು, ಬಿಣಗಾ, ಅರಗಾದಿಂದ ಅಂಕೋಲೆಯ ದಿಕ್ಕಿನ ಕಡಲಂಚು ಸಾರ್ವಜನಿಕರ ಕೈತಪ್ಪಿತು. 2005ರಲ್ಲಿ ನೆಲೆ ಸೇವೆಗೆ ಬಂತು. ದಂಡೆ ಕಳೆದುಕೊಂಡವರಿಗೆ ಉಳಿದ ನೀರು ಅಳಿವೆಯದು.

ಆ ನೀರಿಗೆ ಏನಾಯಿತು ಎಂಬುದೇ ಈ ಕಥೆಯ ತಿರುಳು, ಯಾಕೆಂದರೆ ಇಲ್ಲಿ ಎರಡು ನದಿಗಳ ಹಾದಿ ಬೇರೆಯಾಯಿತು.

ಕಾಳಿಯನ್ನು ಕಟ್ಟಿದರು. ನಾಗಝರಿ, ಸೂಪಾ, ಕೊಡಸಳ್ಳಿ, ಕದ್ರಾ ವಿದ್ಯುತ್ ಯೋಜನೆಗಳು ಬಂದವು. ನೂರು ಮೀಟರಿಗೂ ಎತ್ತರದ ಸೂಪಾ ಅಣೆಕಟ್ಟು 1987ರಲ್ಲಿ ಮುಗಿಯಿತು. ಕಡಲಿಗೆ ಅತಿ ಹತ್ತಿರದ ಕದ್ರಾ 1990ರ ದಶಕದ ಕೊನೆಯಲ್ಲಿ ವಿದ್ಯುತ್ ಕೊಡತೊಡಗಿತು. ಅದರ ಜಲಾಶಯದ ದಂಡೆಯಲ್ಲೇ ಕೈಗಾ ಅಣುಸ್ಥಾವರ. ಕದ್ರಾದಿಂದ ಕೋಡಿಬಾಗಕ್ಕೆ ನದಿಯ ದಾರಿ ಮೂವತ್ತು ಮೂವತ್ತೈದು ಕಿಲೋಮೀಟರು. ಅಣೆಕಟ್ಟಿನ ಮೊದಲು ಚಳಿಗಾಲ ಕಳೆದಂತೆ ಹೊಳೆ ಸೊರಗಿ, ಉಪ್ಪು ಮೆಲ್ಲನೆ ಮೇಲೇರಿ, ಬೇಸಿಗೆಗೆ ಅಳಿವೆ ಕಡಲಿನದೇ ತುಂಡಾಗುತ್ತಿತ್ತು. ಈಗ ವಿದ್ಯುತ್ ಬೇಕಾದಾಗ ನೀರು ಬರುತ್ತದೆ. ನಾಡಿನಲ್ಲಿ ಬೇಡಿಕೆ ಏರಿದ ಗಂಟೆಗಳಲ್ಲಿ ಟರ್ಬೈನು ತಿರುಗಿ, ಫೆಬ್ರವರಿಯಲ್ಲೂ ಸಿಹಿನೀರಿನ ಅಲೆ ಕೆಳಗಿಳಿಯುತ್ತದೆ. ಚಂದ್ರನ ಲೆಕ್ಕದ ಮೇಲೆ ಮತ್ತೊಂದು ಲೆಕ್ಕ ಕೂತಿತು. ಅದರ ಪಂಚಾಂಗ ಮೀನುಗಾರರ ಕೈಯಲ್ಲಿಲ್ಲ. ಬಳಚಿಗೆ ಇಂತಿಷ್ಟು ಉಪ್ಪು ಬೇಕು; ಸಿಹಿನೀರು ಬಹಳ ದಿನ ನಿಂತರೆ ಚಿಪ್ಪು ಮುಚ್ಚಿಕೊಂಡೇ ಸಾಯುತ್ತದೆ. ಮೀನಾದರೂ ಈಜಿ ಬೇರೆಡೆ ಹೋದೀತು, ಕೆಸರಿನಲ್ಲಿ ಹೂತ ಚಿಪ್ಪಿ ಎಲ್ಲಿಗೆ ಹೋಗಬೇಕು? ಮಳೆಗಾಲದ ಕೆಂಪು ಮಣ್ಣೂ ಉಸುಕೂ ಅಣೆಕಟ್ಟುಗಳ ಹಿಂದೆ ಕೂರುತ್ತವೆ. ಅಳಿವೆಯ ದಿಬ್ಬಗಳಿಗೆ ಹೊಸ ಮಣ್ಣು ಕಡಿಮೆ.

ಗಂಗಾವಳಿಗೂ ಅದೇ ಗತಿ ಕಾದಿತ್ತು. ಬೇಡ್ತಿ ಜಲವಿದ್ಯುತ್ ಯೋಜನೆ ಕಾಗದದ ಮೇಲೆ ಸಿದ್ಧವಾಗಿತ್ತು. ಅಡಿಕೆ ತೋಟಿಗರು ಎದ್ದು ನಿಂತರು. 1981ರ ಜನವರಿಯಲ್ಲಿ ಶಿರಸಿಯಲ್ಲಿ ವಿಜ್ಞಾನಿಗಳನ್ನೂ ತಂತ್ರಜ್ಞರನ್ನೂ ಕೂರಿಸಿ, ಯೋಜನೆಯ ಲಾಭನಷ್ಟವನ್ನು ಜನರೆದುರೇ ತೂಗಿ ನೋಡುವ ವಿಚಾರಸಂಕಿರಣ ನಡೆಯಿತು. ಯೋಜನೆ ನಿಂತಿತು. ದೇಶದ ಪರಿಸರ ಚಳವಳಿಯ ಇತಿಹಾಸದಲ್ಲಿ ಇದಕ್ಕೆ ದೊಡ್ಡ ಜಾಗವಿದೆ. ಆದರೆ ಆ ಗೆಲುವಿನ ಫಲ ಉಂಡವರಲ್ಲಿ ಮಂಜಗುಣಿಯ, ಗಂಗಾವಳಿಯ ಅಂಬಿಗರೂ ಹರಿಕಂತ್ರರೂ ಇದ್ದಾರೆ ಎಂಬುದನ್ನು ಯಾರೂ ಒತ್ತಿ ಹೇಳುವುದಿಲ್ಲ. ಘಟ್ಟದ ಮೇಲಿನವರು ತೋಟಕ್ಕಾಗಿ ಹೋರಾಡಿ ಉಳಿಸಿದ ಹರಿವು ಘಟ್ಟದ ಕೆಳಗೆ ಶೆಟ್ಲಿಯಾಗಿ, ಬಳಚಾಗಿ ಸಿಕ್ಕಿತು. ಕಾರವಾರ ಪಟ್ಟಣವೂ ಈ ಋಣದಲ್ಲಿದೆ. ಕಾಳಿಯ ಬಾಯಲ್ಲೇ ಕೂತ ಊರು ಕುಡಿಯುವುದು ಹೊನ್ನಳ್ಳಿಯಲ್ಲಿ ಎತ್ತಿದ ಗಂಗಾವಳಿಯ ನೀರನ್ನು.

ಕಟ್ಟದ ನದಿ ಸೌಮ್ಯವಾಗಿರುತ್ತದೆ ಎಂದೇನಿಲ್ಲ. 2019ರ ಆಗಸ್ಟಿನಲ್ಲಿ ಎರಡೂ ನದಿಗಳು ಊರು ಹೊಕ್ಕವು: ಕಾಳಿ ಕದ್ರಾದ ಬಾಗಿಲು ತೆರೆದಾಗ, ಗಂಗಾವಳಿ ತನ್ನ ಪಾಡಿಗೆ ತಾನೇ ಉಕ್ಕಿ. 2021ರ ಜುಲೈನಲ್ಲಿ ಗಂಗಾವಳಿ ಗುಳ್ಳಾಪುರದ ಸೇತುವೆಯನ್ನು ಕೊಚ್ಚಿಕೊಂಡು ಹೋಯಿತು. 2024ರ ಜುಲೈ 16ರಂದು ಶಿರೂರಿನಲ್ಲಿ ಹೆದ್ದಾರಿಗಾಗಿ ಕಡಿದ ಗುಡ್ಡ ಕುಸಿದು, ರಸ್ತೆ ದಾಟಿ ಗಂಗಾವಳಿಗೆ ಬಿತ್ತು. ಎದ್ದ ನೀರಿನ ಅಲೆ ಆಚೆ ದಂಡೆಯ ಉಳುವರೆಯ ಮನೆಗಳನ್ನು ಬಡಿಯಿತು. ನದಿಯ ನಡುವೆ ಮಣ್ಣಿನ ದಿಬ್ಬವೇ ಎದ್ದಿತು. ಮಣ್ಣಿನೊಂದಿಗೆ ಕಾಣೆಯಾದ ಲಾರಿಗಳ ಹುಡುಕಾಟಕ್ಕೆ ದೇಶದ ಕಣ್ಣೆಲ್ಲ ಅಲ್ಲಿ ನೆಟ್ಟಿತ್ತು. ಆ ಮಣ್ಣು ನದಿತಳದ ಮೀನಿನ ಮಡುಗಳಿಗೆ ಏನು ಮಾಡಿತು ಎಂದು ಕೇಳಿದವರು ಕಡಿಮೆ. ಮೂರು ವಾರದ ಬಳಿಕ, ಆಗಸ್ಟ್ 7ರ ನಡುರಾತ್ರಿ, ಕಾಳಿಯ ಹಳೆಯ ಸೇತುವೆ ಕುಸಿಯಿತು. ಲಾರಿಯೊಂದಿಗೆ ಹೊಳೆಗೆ ಬಿದ್ದ ಚಾಲಕನನ್ನು ಮೇಲೆತ್ತುವಲ್ಲಿ ಪೊಲೀಸರ ಜೊತೆ ಸ್ಥಳೀಯ ಮೀನುಗಾರರೂ ಇದ್ದರು.

ಯಂತ್ರದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಕಡಲು ಬಂದ್. ಆಗ ಕಾರವಾರ, ಅಂಕೋಲೆಯ ಮೀನುಪೇಟೆಯಲ್ಲಿ ಹೊಳೆಮೀನಿಗೆ ಹಳೆಯ ಗೌರವ ಮರಳುತ್ತದೆ. ಬುಟ್ಟಿಯಲ್ಲಿ ನಾಲ್ಕಾರು ಏಡಿ, ಒಂದು ಸೇರು ಬಳಚು, ಎರಡು ನೊಗಲಿ ಇಟ್ಟುಕೊಂಡು ಕೂತ ಹೆಂಗಸಿನ ಮುಂದೆ ಗಿರಾಕಿಗಳು ಸಾಲುಗಟ್ಟುತ್ತಾರೆ. ಒಳಗಿನ ಹಳ್ಳಿಗಳಲ್ಲಿ ಮೊದಲ ಮಳೆಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಏರುವ ಹತ್ತುಮೀನಿಗೆ ಬಿದಿರಿನ ಕೂಳಿ ಒಡ್ಡುತ್ತಾರೆ. ಇದೇ ಕಾಲ ಮೀನು ಮೊಟ್ಟೆಯಿಡುವ ಕಾಲವೂ ಹೌದು. ಅಳತೆ ಮೀರಿ ಒಡ್ಡಬಾರದು ಎಂಬ ಹಳ್ಳಿಯ ಕಟ್ಟುಪಾಡು ಸಡಿಲಗೊಂಡಿರುವುದು ನಿಜ, ಅದನ್ನು ಮುಚ್ಚಿಡಬೇಕಾಗಿಲ್ಲ. ಸೊಳ್ಳೆಪರದೆಯಂಥ ಬಲೆ ಹಾಕಿ ಮರಿ ಬಾಚುವುದರ ಮೇಲೆ 1870ರಲ್ಲಿ ಥಾಮಸ್ ಎತ್ತಿದ ಆಕ್ಷೇಪ ಇವತ್ತಿಗೂ ಸರಿಯಾದದ್ದೇ.

ಹೊಸ ದಾರಿಗಳೂ ಇವೆ. ಕಡಲ ಮೀನುಗಾರಿಕೆ ಸಂಸ್ಥೆಯ ಕಾರವಾರ ಕೇಂದ್ರ ಪಂಜರದಲ್ಲಿ ಕುರುಡೆ ಸಾಕುವುದನ್ನು ಮಾಡಿ ತೋರಿಸಿತು. ಅಳಿವೆಯ ಮೀನುಗಾರ ಕುಟುಂಬಗಳು ಸಣ್ಣ ಪಂಜರಗಳನ್ನು ಕಟ್ಟಿಕೊಂಡವು. ಹಿಡಿದ ಮರಿಯನ್ನು ಅಂದೇ ಮಾರದೆ ಬೆಳೆಸಿ ಮಾರುವ ಈ ಉಪಾಯ ಒಳ್ಳೆಯದು. ಆದರೆ ಪಂಜರದ ಮೀನು ಓಡಲಾರದು. ಮೇಲಿಂದ ಒಮ್ಮೆಗೇ ಸಿಹಿನೀರು ನುಗ್ಗಿದರೆ, ನೀರು ಕೆಟ್ಟರೆ, ಅದು ಬಳಚಿನಷ್ಟೇ ಅಸಹಾಯಕ.

ಈಗ ಗಂಗಾವಳಿಯ ಮೇಲೆ ಮತ್ತೊಂದು ಲೆಕ್ಕಾಚಾರ ಬಂದಿದೆ. ಬೇಡ್ತಿಯ ನೀರನ್ನು ವರದಾ ನದಿಗೆ ತಿರುಗಿಸುವ ಪ್ರಸ್ತಾಪಕ್ಕೆ ಜೀವ ಬಂದು, ಶಿರಸಿ, ಯಲ್ಲಾಪುರದವರು ಮತ್ತೆ ಸಭೆ ಸೇರುತ್ತಿದ್ದಾರೆ. ಅಂಕೋಲೆಯ ಕೇಣಿಯಲ್ಲಿ ಬಂದರು ಕಟ್ಟುವ ಯೋಜನೆಯನ್ನು 2023ರಲ್ಲಿ ಖಾಸಗಿಯವರಿಗೆ ವಹಿಸಲಾಗಿದ್ದು, ಮೀನುಗಾರರು ವಿರೋಧಿಸಿ ಬೀದಿಗಿಳಿದಿದ್ದಾರೆ. ಕಡಲು ಸೇರುವ ನೀರೆಲ್ಲ ಪೋಲು ಎಂಬ ಮಾತು ಇಂಥ ಯೋಜನೆಗಳ ಬೆನ್ನಿಗೆ ಯಾವಾಗಲೂ ಇರುತ್ತದೆ. ಕಾಳಿಯ ಮೂವತ್ತು ವರ್ಷಗಳ ಅನುಭವ ಕೈಯಲ್ಲಿರುವಾಗ ಆ ಮಾತನ್ನು ಪರೀಕ್ಷಿಸದೆ ಒಪ್ಪಬೇಕಾಗಿಲ್ಲ. ಒಂದೇ ಮಳೆ, ಒಂದೇ ಕಡಲು, ಒಂದೇ ಕಸುಬಿನ ಜನ. ಒಂದು ಕಟ್ಟಿದ ನದಿ, ಇನ್ನೊಂದು ಕಟ್ಟದ ನದಿ. ಹೋಲಿಸಿ ನೋಡಲು ಇದಕ್ಕಿಂತ ಒಳ್ಳೆಯ ಜೋಡಿ ಈ ಕರಾವಳಿಯಲ್ಲಿ ಸಿಗುವುದು ಕಷ್ಟ. ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಕೋಡಿಬಾಗದಲ್ಲಿ ಕಾಳಿಯ ಮಗ್ಗುಲಲ್ಲೇ ಇದೆ, ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರವೂ ಕಾರವಾರದಲ್ಲೇ ಇದೆ. ಕಡವಾಡ, ಕಿನ್ನರಗಳಲ್ಲಿ ಮತ್ತು ಮಂಜಗುಣಿಯಲ್ಲಿ ವರ್ಷವಿಡೀ ನೀರಿನ ಉಪ್ಪನ್ನು ಅಳೆದು, ಅದೇ ದಿನ ಬೀಸುಬಲೆಗೆ, ಗಾಳಕ್ಕೆ, ಬಳಚಿನ ಬುಟ್ಟಿಗೆ ಏನು ಬಿತ್ತು ಎಂಬುದನ್ನು ಹಿಡಿದವರ ಬಾಯಿಂದಲೇ ಬರೆದುಕೊಳ್ಳುವ ಕೆಲಸ ಇವೆರಡಕ್ಕೂ ಮೀರಿದ್ದಲ್ಲ. ಬೇಡ್ತಿಯಲ್ಲಿ ಹೆಚ್ಚುವರಿ ನೀರು ಎಷ್ಟು ಎಂದು ತೀರ್ಮಾನಿಸುವ ಸಭೆ ಕೂರುವ ಮೊದಲು ಆ ದಾಖಲೆ ಮೇಜಿನ ಮೇಲೆ ಇರಬೇಕು, ಅದನ್ನು ಓದಿ ಹೇಳಲು ಮಂಜಗುಣಿಯಿಂದ ಇಬ್ಬರು ಮೀನುಗಾರರೂ ಕಡವಾಡದಿಂದ ಬಳಚು ಹೆಕ್ಕುವ ಇಬ್ಬರು ಹೆಂಗಸರೂ ಆ ಸಭೆಯಲ್ಲಿ ಕೂತಿರಬೇಕು.